ಫ್ಲಾಪಿಗೆ ಅರಿಶಿನ ಕುಂಕುಮ

ನಲವತ್ತು ಹತ್ತಿರವಾದಾಗ ಜನ ಕನ್ನಡಕ ಹಾಕಿಸಿಕೊಳ್ಳುತ್ತಾರೆ, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ, ಬೆಳಗಿನ ವಾಕಿಂಗ್ ಶುರುಮಾಡಿ ಒಂದು ವಾರದೊಳಗೆ ಬಿಡುತ್ತಾರೆ. ನಾನು ಕಂಪ್ಯೂಟರ್ ಸೈನ್ಸ್ ಎಂಎಸ್ಸಿಗೆ ಸೇರಿದೆ. ಜ್ಞಾನದಾಹ ಎಂದು ನೆಂಟರಿಷ್ಟರ ಮುಂದೆ ಹೇಳಿಕೊಂಡೆನಾದರೂ ನಿಜವಾದ ಕಾರಣ ಭಯ. ಜಯನಗರದ ಒಂದು ಕಾಲೇಜಿನಲ್ಲಿ ನಾನು ಗಣಿತದ ಮೇಡಂ. ತೊಂಬತ್ತರ ದಶಕ ಮುಗಿಯುತ್ತ ಬಂದ ಹಾಗೆ ಗಣಿತಕ್ಕೆ ಸೇರುವ ಮಕ್ಕಳು ಬೆರಳೆಣಿಕೆಗೆ ಇಳಿದರು. ಒಂದು ದಿನ ಪ್ರಿನ್ಸಿಪಾಲರು ಕರೆದು, "ಮೇಡಂ, ಇನ್ನೆರಡು ವರ್ಷಕ್ಕೆ ಮ್ಯಾಥ್ಸ್ ಸೆಕ್ಷನ್ ಮುಚ್ತೀವಿ. ಅಷ್ಟರಲ್ಲಿ ಕಂಪ್ಯೂಟರ್ ಸೈನ್ಸ್‌ನಲ್ಲಿ ಮಾಸ್ಟರ್ಸ್ ಮಾಡ್ಕೊಂಡ್ರೆ ಆ ಡಿಪಾರ್ಟ್‌ಮೆಂಟಿಗೆ ತಗೋತೀವಿ. ಇಲ್ದಿದ್ರೆ ನಮ್ಮ ಕೈಲಿ ಏನೂ ಇಲ್ಲ" ಎಂದರು. ಕೆಲಸ ಹೋಗುವ ಸುದ್ದಿಯನ್ನು ಇಷ್ಟು ಮರ್ಯಾದೆಯಿಂದ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಬನಶಂಕರಿಯಲ್ಲಿ ಸಂಜೆ ತರಗತಿ. ಮೊದಲ ದಿನ ನಾನು ಒಳಗೆ ಕಾಲಿಟ್ಟ ಕೂಡಲೇ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳನ್ನು ನೋಡಿ ಇಡೀ ತರಗತಿ ಎದ್ದಿತು. ನಾನೂ ಅಭ್ಯಾಸಬಲದಿಂದ "ಸಿಟ್ ಡೌನ್" ಎಂದು ಸೀದಾ ಬೋರ್ಡಿನ ಹತ್ತಿರ ಹೋಗಿ ಸೀಮೆಸುಣ್ಣ ಹುಡುಕಿದೆ. ಹಿಂದೆಯೇ ಬಂದ ನಿಜವಾದ ಮೇಷ್ಟ್ರು ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವರು. "ಮೇಡಂ, ತಾವು ಇನ್‌ಸ್ಪೆಕ್ಷನ್ನಿಗೆ ಬಂದ್ರಾ?" ಎಂದು ಬೆವರು ಒರೆಸಿಕೊಂಡರು. ಮುಂದೆ ಅವರೇ ನನ್ನ ಪ್ರಾಜೆಕ್ಟಿಗೆ ಗೈಡ್ ಆದರು. ಆ ದಿನದ ಗಾಬರಿ ಅವರಿಗೆ ಕೊನೆಯವರೆಗೂ ಪೂರ್ತಿ ಇಳಿಯಲಿಲ್ಲ.

ಹೇಗೋ ಉರು ಹೊಡೆದು ಪರೀಕ್ಷೆಗಳನ್ನು ದಾಟಿದೆ. ಉಳಿದದ್ದು ಪ್ರಾಜೆಕ್ಟ್. ಕಾಲೇಜಿನ ಟೈಮ್‌ಟೇಬಲ್ಲನ್ನು ತಾನೇ ಹಾಕುವ ಪ್ರೋಗ್ರಾಂ ಬರೆದೆ. ಅದು ಎಲ್ಲವನ್ನೂ ಸರಿಯಾಗಿ ಮಾಡಿ, ಒಬ್ಬರೇ ಮೇಷ್ಟ್ರನ್ನು ಒಂದೇ ಗಂಟೆಗೆ ಎರಡು ತರಗತಿಗೆ ಕಳಿಸುತ್ತಿತ್ತು. ನಮ್ಮ ಪ್ರಿನ್ಸಿಪಾಲರು ಕಂಡಿದ್ದರೆ ಸಂತೋಷದಿಂದ ಹಾಗೇ ಜಾರಿಗೆ ತರುತ್ತಿದ್ದರು. ಗೈಡ್ ಮಾತ್ರ, "ಇದು ಸರಿ ಹೋಗದಿದ್ರೆ ಎಕ್ಸಾಮಿನರ್ ಪಾಸ್ ಮಾಡಲ್ಲ ಮೇಡಂ" ಎಂದು ನೆಲ ನೋಡುತ್ತ ಹೇಳಿದರು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ಕೂತು, ಪ್ರೋಗ್ರಾಮನ್ನು ಒಂದು ಫ್ಲಾಪಿಯಲ್ಲಿ ತುಂಬಿಕೊಂಡು ಬರುತ್ತಿದ್ದೆ. ತಿಂಗಳುಗಟ್ಟಲೆ ಹುಡುಕಿದರೂ ತಪ್ಪು ಸಿಗಲಿಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು. ವಿಜಯದಶಮಿಯ ಮರುದಿನವೇ ನನ್ನ ವೈವಾ. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ. ಓದದೇ ಇದ್ದರೂ ಪುಣ್ಯ ಬರುವ ದಿನಗಳು ವರ್ಷದಲ್ಲಿ ಅವಿಷ್ಟೇ. ಚಿಕ್ಕಂದಿನಲ್ಲಿ ಕಷ್ಟದ ಪುಸ್ತಕಗಳನ್ನೆಲ್ಲ ಮೊದಲು ಇಡುತ್ತಿದ್ದೆ. ಈಗ ನಾನೇ ಕೈಯಾರೆ ಫ್ಲಾಪಿಯನ್ನು ಒಯ್ದು ಪುಸ್ತಕಗಳ ಮೇಲಿಟ್ಟೆ. ಭಕ್ತಿ ಸ್ವಲ್ಪ ಇತ್ತು. ಅದರ ಮುಖ ನೋಡುವುದು ತಪ್ಪಿತಲ್ಲ ಎಂಬ ಸಮಾಧಾನ ಅದಕ್ಕಿಂತ ಜಾಸ್ತಿ ಇತ್ತು. "ಇದೇನೇ ಸುಮಾ?" ಎಂದು ನಮ್ಮತ್ತೆ ಕೇಳಿದಾಗ, ಅದರ ಪುಟ್ಟ ತಗಡಿನ ಬಾಗಿಲನ್ನು ಸರಿಸಿ, "ನಾನು ಓದಿದ್ದೆಲ್ಲ ಇದರೊಳಗಿದೆ ಅತ್ತೆ" ಎಂದು ಜಂಬದಿಂದ ತೋರಿಸಿದೆ.

ವಿಜಯದಶಮಿಯ ಬೆಳಿಗ್ಗೆ ಪುನಃಪೂಜೆ ಮುಗಿಸಿ ಅತ್ತೆ ಫ್ಲಾಪಿಯನ್ನು ನನ್ನ ಕೈಗಿಟ್ಟರು. ಪುಸ್ತಕಗಳಿಗೆ ಇಟ್ಟ ಹಾಗೆ ಅದರ ಮೇಲೂ ಅರಿಶಿನ ಕುಂಕುಮ. ಒರೆಸಿದರೆ ಹೋಗುತ್ತದೆ ಎಂದುಕೊಂಡು ತಗಡು ಸರಿಸಿದೆ. ಬೆರಳು ತಗಲಿದರೂ ಕೆಡುವ ಒಳಗಿನ ತಟ್ಟೆಯ ಮೇಲೂ ಇತ್ತು, ಗಂಧದ ಸಮೇತ.

"ಅತ್ತೆ, ಒಳಗೆ ಯಾಕೆ ಹಚ್ಚಿದ್ರಿ?"

"ಮತ್ತೆ? ನೀನು ಓದಿದ್ದೆಲ್ಲ ಒಳಗೆ ತಾನೇ ಇರೋದು? ಹೊರಗೆ ಪ್ಲಾಸ್ಟಿಕ್ಕಿಗೆ ಹಚ್ಚಿ ಏನು ಬಂತು?"

ಈ ತರ್ಕದಲ್ಲಿ ನನಗಂತೂ ಯಾವ ತಪ್ಪೂ ಕಾಣಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ಅತ್ತುಬಿಟ್ಟೆ. ಎರಡು ವರ್ಷದ ಓದು, ಇಷ್ಟು ವರ್ಷದ ಕೆಲಸ, ಎರಡೂ ಒಂದು ಚಿಟಿಕೆ ಅರಿಶಿನದಲ್ಲಿ ಹೋದವು ಎನ್ನಿಸಿತು. ಗೈಡಿಗೆ ತೋರಿಸಲು ತೆಗೆಸಿದ್ದ ಪ್ರಿಂಟ್ ಒಂದು ಉಳಿದಿತ್ತು, ಅದೂ ತಪ್ಪಿನ ಸಮೇತ. ಅತ್ತೆ ನನ್ನ ಬೆನ್ನು ಸವರಿ, "ಅಳಬೇಡ ಕಣೇ. ಇವತ್ತು ವಿಜಯದಶಮಿ, ಅಕ್ಷರಾಭ್ಯಾಸ ಮಾಡಿಸೋ ದಿನ. ಮೊದಲಿಂದ ಬರಿ. ನಾನು ಓದಿ ಹೇಳ್ತೀನಿ ನಡಿ" ಎಂದು ರೇಷ್ಮೆ ಸೀರೆಯಲ್ಲೇ ಹೊರಟರು.

ಸೆಂಟರಿನ ಎ.ಸಿ.ಗೆ ಸೆರಗು ಹೊದ್ದುಕೊಂಡು, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಅತ್ತೆ ನನ್ನ ಪಕ್ಕ ಕೂತರು. ಹಳೇ ಕಾಲದ ಎಸ್ಸೆಸ್ಸೆಲ್ಸಿ, ಇಂಗ್ಲಿಷ್ ಚೆನ್ನಾಗಿಯೇ ಓದುತ್ತಿದ್ದರು. ಆದರೆ ರಾಗ ಮಾತ್ರ ಪಾರಾಯಣದ್ದು. ಪ್ರತಿ ಸಾಲಿನ ಕೊನೆಗೆ ಸೆಮಿಕೋಲನ್ ಬಂದಾಗಲೂ "ಚುಕ್ಕೆ, ಕೆಳಗೊಂದು ಕೊಕ್ಕೆ" ಎಂದು ಎಳೆಯುತ್ತಿದ್ದರು. ಅಕ್ಕಪಕ್ಕದ ಹುಡುಗರು ಕೆಲಸ ಬಿಟ್ಟು ಕೇಳತೊಡಗಿದರು. ಮಧ್ಯೆ ಮಧ್ಯೆ, "ಇದನ್ನು ಆಗಲೇ ಹೇಳಿದ್ದಾನಲ್ಲೇ, ಎಷ್ಟು ಸಲ ಹೇಳೋದು?" ಎಂದು ಪ್ರೋಗ್ರಾಮನ್ನು ಗದರುತ್ತಿದ್ದರು. ನಾಚಿಕೆಯಿಂದ ನಾನು ತಲೆ ಎತ್ತದೆ ಟೈಪ್ ಮಾಡಿದೆ. ಸಂಜೆಯ ಹೊತ್ತಿಗೆ ಮುಗಿಯಿತು. ಕಣ್ಣು ಮುಚ್ಚಿ ಓಡಿಸಿದೆ. ಪ್ರತಿಯೊಬ್ಬ ಮೇಷ್ಟ್ರೂ ಒಂದು ಗಂಟೆಗೆ ಒಂದೇ ತರಗತಿಯಲ್ಲಿದ್ದರು!

ಅತ್ತೆ ಒಂದು ಸಾಲು ಹಾರಿಸಿದರೋ, ನಾನು ಇನ್ನೊಂದನ್ನು ಸೇರಿಸಿದೆನೋ ಆ ದೇವಿಗೇ ಗೊತ್ತು. ಹೋಲಿಸಿ ನೋಡುವ ಧೈರ್ಯ ನನಗೆ ಬರಲಿಲ್ಲ. "ನೋಡಿದ್ಯಾ? ಒಳಗೆ ಹಚ್ಚಿದ್ದು ಕೆಲಸ ಮಾಡ್ತು" ಎಂದು ಅತ್ತೆ ಚಪ್ಪಲಿ ಮೆಟ್ಟಿಕೊಂಡರು.

ಮರುದಿನ ಎಕ್ಸಾಮಿನರ್ ಎಲ್ಲವನ್ನೂ ನೋಡಿ ತಲೆದೂಗಿದರು. ನಮ್ಮ ಗೈಡ್ ಮಾತ್ರ ಅಚ್ಚರಿ ತಡೆಯಲಾರದೆ, "ಮೇಡಂ, ಆ ತಪ್ಪು ಎಲ್ಲಿತ್ತು? ಹೇಗೆ ಸರಿ ಮಾಡಿದ್ರಿ?" ಎಂದು ಕೇಳಿಬಿಟ್ಟರು. "ಮೊದಲಿಂದ ಮತ್ತೆ ಬರೆದೆ ಸಾರ್" ಎಂದೆ. ಎಕ್ಸಾಮಿನರ್ ಕುರ್ಚಿಯಲ್ಲಿ ನೆಟ್ಟಗೆ ಕೂತು, "ಪೂರ್ತಿ ರೀರೈಟ್ ಮಾಡಿದ್ರಾ? ಶ್ರದ್ಧೆ ಅಂದ್ರೆ ಇದಪ್ಪ!" ಎಂದು ಧಾರಾಳವಾಗಿ ಅಂಕ ಕೊಟ್ಟರು. ಕೆಲಸ ಉಳಿಯಿತು.

ಈಗ ನಾನು ಕಂಪ್ಯೂಟರ್ ವಿಭಾಗದ ಮೇಡಂ. ಯಾರಾದರೂ ತಪ್ಪು ತೋರಿಸುವ ಪ್ರೋಗ್ರಾಂ ಹಿಡಿದು ಬಂದರೆ ಕನ್ನಡಕ ಏರಿಸಿ, ಗಂಭೀರವಾಗಿ ನೋಡಿ, "ಮೊದಲಿಂದ ಟೈಪ್ ಮಾಡು" ಎಂದು ಕಳಿಸುತ್ತೇನೆ. ತುಂಬ ಸ್ಟ್ರಿಕ್ಟು ಎಂದು ಹೆಸರಾಗಿದೆ. ನನಗೆ ಗೊತ್ತಿರುವ ಔಷಧ ಅದೊಂದೇ ಎಂಬುದು ಅತ್ತೆಯೊಬ್ಬರಿಗೇ ಗೊತ್ತು. ಅದನ್ನೂ ಅವರು ಅರ್ಧ ಔಷಧ ಎಂದೇ ಎಣಿಸುತ್ತಾರೆ. "ಪಾಪ, ಮಕ್ಕಳು ಎಷ್ಟೂಂತ ಟೈಪ್ ಮಾಡ್ತಾವೆ? ಅರಿಶಿನದ ವಿಷಯಾನೂ ಹೇಳ್ಬಾರ್ದೇನೇ?" ಎನ್ನುತ್ತಾರೆ.