ಮಾವನ ಕಂಪ್ಯೂಟರಿಗೆ ಚುರುಕು ಬಂದದ್ದು

ಗಡಿಯಾರ ರಿಪೇರಿ ಮಾಡುವ ಅಳಿಯನಿಗೆ ಮಾವನ ಮನೆಯ ಮುಂದಿನ ಕೋಣೆಯ ಮೇಲೆ ಕಣ್ಣು. ಏಳು ವರ್ಷದಿಂದ ಪಾಪ, ಮೆಟ್ಟಿಲ ಕೆಳಗಿನ ಸಂದಿಯಲ್ಲೇ ಅವನ ಅಂಗಡಿ. ಕೋಣೆ ಕೇಳಿದಾಗ ಮಾವ, "ಭಾನುವಾರ ಹೇಳ್ತೀನಿ" ಎಂದಿದ್ದರು. ಆ ಭಾನುವಾರ ಬಂದೇಬಿಟ್ಟಿತು.

ಅಡುಗೆಮನೆ ಪಕ್ಕ ಮಾವನ ಓಬೀರಾಯನ ಕಾಲದ ಕಂಪ್ಯೂಟರೊಂದಿತ್ತು. ದಿನಾ ಬೆಳಿಗ್ಗೆ ಅದರ ಜೊತೆ ಚದುರಂಗ ಆಡುವುದು, ಗೆಲ್ಲುವುದು, ಆಮೇಲೆ "ಥೂ, ಆಮೆ!" ಎಂದು ಅದನ್ನೇ ಬೈಯುವುದು. ಅಳಿಯ ಇದನ್ನು ಕಿವಿಗೆ ಹಾಕಿಕೊಂಡ. ಆ ಯಂತ್ರದ ಹುಟ್ಟುಬುದ್ಧಿಯೆಲ್ಲ ಇರುವುದು ಆರ್‌ಒಎಂ ಎಂಬ ಚಿಪ್ಪಿನಲ್ಲಿ. ಅದರ ನಕಲು ತೆಗೆದು ತಿಂಗಳುಗಟ್ಟಲೆ ತಿದ್ದಿದ. ಅದೇನು ಹುಡುಗಾಟವೇ? ಯಾವುದೊಂದು ಜಾಗ ಕದಲಿದರೂ ಹಳೆಯ ಆಟಗಳೆಲ್ಲ ದಾರಿ ತಪ್ಪುತ್ತವೆ. ಅಷ್ಟೇ ಜಾಗದಲ್ಲಿ ಅದೇ ಲೆಕ್ಕವನ್ನು ಬೇಗ ಮಾಡುವ ಉಪಾಯ ತುರುಕಿ, ಹೊಸ ಚಿಪ್ಪಿಗೆ ಬರೆದು, ಹಳೆಯದನ್ನು ತೆಗೆದು ಇದನ್ನು ಕೂರಿಸಿದ. ಮಾವನ ಹದಿನಾಲ್ಕು ಆಟದ ಕ್ಯಾಸೆಟ್ಟುಗಳೂ ಕಮಕ್ ಕಿಮಕ್ ಎನ್ನದೆ ಓಡಿದವು.

"ಈಗ ಆಡಿ ನೋಡಿ ಮಾವ" ಎಂದ ಆ ಭಾನುವಾರ ಬೆಳಿಗ್ಗೆ, ಹೆಮ್ಮೆಯಿಂದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರೂ ಕುರ್ಚಿ ಎಳೆದುಕೊಂಡು ಕೂತರು.

ಹದಿನೆಂಟನೇ ನಡೆಗೆ ಮಾವನ ರಾಜ ಮೂಲೆ ಸೇರಿದ.

"ಏನ್ರೀ, ಸೋತೇಬಿಟ್ರಾ?" ಎಂದರು ಮೇಷ್ಟ್ರು.

ಮಾವನ ಮುಖ ಕೆಂಪಗಾಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

"ಕೋಣೆ ವಿಷಯ ಹೇಳೋ ದಿನವೇ ಅಪ್ಪನ್ನ ಸೋಲಿಸೋದಾ?" ಎಂದು ಹೆಂಡತಿ ಹರಿಹಾಯ್ದಳು.

"ನಾನೆಲ್ಲೇ ಸೋಲಿಸ್ದೆ? ಒಂದೊಂದು ನಡೆಗೂ ಅದಕ್ಕೆ ಒಂದು ನಿಮಿಷ ಗಡುವು. ಮೊದಲು ಅಷ್ಟರಲ್ಲಿ ಎರಡು ನಡೆ ಮುಂದೆ ಯೋಚಿಸ್ತಿತ್ತು. ಈಗ ಚುರುಕಾಗಿದೆಯಲ್ಲ, ಮೂರು ಯೋಚಿಸುತ್ತೆ!"

"ಯೋಚನೆ ಮಾಡದೇ ಇರೋರು ನೀವೊಬ್ರೇ."

"ಹಳೇ ಚಿಪ್ ಹಾಕ್ಬಿಡಪ್ಪ, ನಾನು ಬೆಳಕು ಹಿಡೀತೀನಿ" ಎಂದು ಮೇಷ್ಟ್ರು ಬಗ್ಗಿದರು. ಅವರ ಮೊಣಕೈ ತಾಗಿ ಹಳೇ ಚಿಪ್ಪಿನ ಒಂದು ಕಾಲು ಪಟ್ ಎಂದು ಮುರಿಯಿತು. ಅಳಿಯ ಕೂದಲಿನಂಥ ತಂತಿಯನ್ನು ಬೆಸೆದು, ಬೆವರು ಒರೆಸಿಕೊಂಡು, ಅಂತೂ ಅದನ್ನು ಕೂರಿಸುವಷ್ಟರಲ್ಲಿ ಮಾವ ಬಾಗಿಲಲ್ಲಿ ನಿಂತಿದ್ದರು. ಜೊತೆಗೆ ಬಡಗಿ.

"ಅಳಿಯಂದ್ರೇ!" ಮಾವ ಓಡಿಬಂದು ತಬ್ಬಿಕೊಂಡರು. "ಇಪ್ಪತ್ತು ವರ್ಷದಿಂದ ಗೆದ್ದೂ ಗೆದ್ದೂ ಬೇಜಾರಾಗಿತ್ತು. ಇವತ್ತು ನನಗೆ ಸರಿಸಮನಾದೋನೊಬ್ಬ ಸಿಕ್ಕಿದ! ನಿಮ್ಮ ಉಪಕಾರ ಮರೆಯಲ್ಲ."

ಅಳಿಯನಿಗೆ ಸ್ವರ್ಗಕ್ಕೆ ಮೂರೇ ಗೇಣು. "ಹಾಗಾದ್ರೆ ಮಾವ... ಆ ಮುಂದಿನ ಕೋಣೆ?"

"ಅದಕ್ಕೇ ಬಡಗೀನ ಕರ್ಕೊಂಡು ಬಂದದ್ದು! ಇಂಥಾ ಎದುರಾಳೀನ ಅಡುಗೆಮನೆ ಪಕ್ಕ ಕೂರಿಸೋಕಾಗುತ್ತಾ? ಇನ್ನು ಆ ಕೋಣೆ ಪೂರ್ತಿ ಅವನಿಗೇ. ಅಲ್ಲಿ ಬೇರೆ ಯಾರೂ ಸದ್ದು ಮಾಡಕೂಡದು." ಅಷ್ಟರಲ್ಲಿ ಬಿಚ್ಚಿದ್ದ ಮುಚ್ಚಳ ಅವರ ಕಣ್ಣಿಗೆ ಬಿತ್ತು. "ಅಯ್ಯೋ, ಯಾಕೆ ಬಿಚ್ಚಿದ್ರಿ? ಬೇಗ ಸರಿ ಮಾಡಿ, ಇನ್ನೊಂದಾಟ ಆಡ್ಬೇಕು!"

ಅಳಿಯ ಹೊಸ ಚಿಪ್ ಹುಡುಕತೊಡಗಿದ. ಮೇಷ್ಟ್ರು ಮತ್ತೆ ಬೆಳಕು ಹಿಡಿಯಲು ಬಂದರು.