ಹೆಂಡತಿಗೆ ಮಾತ್ರ

ರವಾನೆ ಗುಮಾಸ್ತ ಆ ಬೆಳಿಗ್ಗೆ ಕಚೇರಿಯ ಕಂಪ್ಯೂಟರಿನಿಂದ ಹೆಂಡತಿಗೊಂದು ಮೆಸೇಜ್ ಕಳಿಸಿದ: ತಲೆಯ ಮೇಲಿನ ಫ್ಯಾನೂ ನಮ್ಮ ಮ್ಯಾನೇಜರೂ ಒಂದೇ, ಸದ್ದು ಜಾಸ್ತಿ, ಗಾಳಿ ಇಲ್ಲ. ದಿನಕ್ಕೆ ಇಂಥವು ಹತ್ತು ಬರೆಯುವುದು ಅವನ ಚಟ. ಪ್ರತಿಯೊಂದಕ್ಕೂ ಅವಳಿಂದ ನಗುವ ಹಳದಿ ಮುಖ ತಪ್ಪದೆ ಬರುತ್ತಿತ್ತು, ಅವನೂ ಹಿಗ್ಗಿ ಹೀರೇಕಾಯಿಯಾಗುತ್ತಿದ್ದ.

ಹತ್ತೇ ನಿಮಿಷಕ್ಕೆ ಎಲೆಕ್ಟ್ರಿಷಿಯನ್ ಏಣಿ ಹೊತ್ತು ಬಂದ. ಮೂರು ವರ್ಷ ಅರ್ಜಿ ಬರೆದರೂ ರಿಪೇರಿಯಾಗದ ಫ್ಯಾನು ಗಿರ್ರನೆ ತಿರುಗಿತು. ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡು ಬಂದು, "ಈಗ ಗಾಳಿ ಬರುತ್ತಾ?" ಎಂದು ಕೇಳಿ ಹೋದರು.

ಗುಮಾಸ್ತನಿಗೆ ಆಗ ಹೊಳೆಯಿತು. ಈ ಮನುಷ್ಯ ಕೋಣೆಯಲ್ಲಿ ಕೂತು ಎಲ್ಲರ ಮೆಸೇಜನ್ನೂ ಓದುತ್ತಿದ್ದಾರೆ! ಗಂಡ ಹೆಂಡಿರ ಮಾತಿಗೂ ಇಣುಕುವುದೇ ಎಂದು ಅವನಿಗೆ ಮೈಯೆಲ್ಲ ಉರಿಯಿತು. ಮೇಲಧಿಕಾರಿಗಳಿಗೆ ದೂರು ಬರೆದು, ಸಹಿ ಕೇಳುತ್ತ ಮೇಜಿಂದ ಮೇಜಿಗೆ ಹೊರಟ.

ಸುದ್ದಿ ಅವನಿಗಿಂತ ಮುಂದೆ ಓಡಿತ್ತು. ಟೈಪಿಸ್ಟ್ ಅಕ್ಕ ಮುರುಕು ಕುರ್ಚಿಯಿಂದ ಸೊಂಟ ಹೋಯಿತೆಂದು ತಂಗಿಗೆ ಮೆಸೇಜ್ ಬರೆದು, ಆಗಲೇ ಹೊಸ ಕುರ್ಚಿಯಲ್ಲಿ ಮಹಾರಾಣಿಯಂತೆ ಕೂತಿದ್ದಳು. ಕಡತ ನೋಡಿಕೊಳ್ಳುವ ಹಿರಿಯರಂತೂ ಇಲ್ಲದ ಭಾವಮೈದುನನೊಬ್ಬನನ್ನು ಸೃಷ್ಟಿಸಿಕೊಂಡು, ಅವನಿಗೆ ತಮ್ಮ ರಜೆಯ ಗೋಳನ್ನು ಒಂದೊಂದೇ ಅಕ್ಷರ ಕುಟ್ಟಿ ತಿಳಿಸುತ್ತಿದ್ದರು.

"ನಾನು ಸಹಿ ಹಾಕೋಲ್ಲಪ್ಪ," ಎಂದಳು ಅಕ್ಕ. "ಕೈಗೆ ಕೊಟ್ಟ ಅರ್ಜಿ ಒಂದಿನಾನೂ ಓದ್ಲಿಲ್ಲ ಅವರು. ಈಗ ಕದ್ದಾದ್ರೂ ಓದ್ತಿದ್ದಾರೆ. ಅದಕ್ಕೂ ಕಲ್ಲು ಹಾಕ್ಬೇಡ."

ಒಬ್ಬರೂ ಸಹಿ ಹಾಕಲಿಲ್ಲ. ಗುಮಾಸ್ತ ಒಬ್ಬನೇ ಮ್ಯಾನೇಜರ ಕೋಣೆಗೆ ನುಗ್ಗಿದ. ದೂರಿನ ಕಾಗದವನ್ನು ಮೇಜಿನ ಮೇಲೆ ಕುಕ್ಕಿದ.

"ಸಾರ್, ಅದು ನಾನು ನನ್ನ ಹೆಂಡತಿಗೆ ಬರೆದಿದ್ದು. ನಿಮಗಲ್ಲ."

ಮ್ಯಾನೇಜರ ಮುಖ ಸಣ್ಣದಾಯಿತು. ಇನ್ನು ಯಾರದನ್ನೂ ಓದುವುದಿಲ್ಲವೆಂದು ಅವನೆದುರೇ, ಎಲ್ಲರ ಮೆಸೇಜೂ ತಮ್ಮ ಕಂಪ್ಯೂಟರಿಗೆ ಬರುವ ಏರ್ಪಾಡನ್ನು ಕಿತ್ತುಹಾಕಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಮೊನ್ನೆ ನನ್ನ ಮೀಸೇನ ಸವೆದ ಹಲ್ಲುಜ್ಜೋ ಬ್ರಷ್ಷು ಅಂದಿದ್ದೆಯಲ್ಲ, ನಗು ತಡೀಲಾರದೆ ಬಾಗಿಲು ಹಾಕ್ಕೊಂಡಿದ್ದೆ," ಎಂದರು.

ಸಹೋದ್ಯೋಗಿಗಳ ಶಾಪವನ್ನೆಲ್ಲ ಹೊತ್ತು, ಆದರೂ ಎದೆಯುಬ್ಬಿಸಿಕೊಂಡೇ ಗುಮಾಸ್ತ ಮನೆಗೆ ಬಂದ. ಇನ್ನು ನಮ್ಮ ಮಾತು ನಮ್ಮಿಬ್ಬರದೇ ಎಂದು ಹೆಂಡತಿಗೆ ಸಾರಿ, ಆ ಮೀಸೆಯ ಮಾತು ಹೇಗಿತ್ತು ಎಂದು ಕೇಳಿದ.

"ಯಾವ ಮೀಸೆ?" ಎಂದಳು ಅವಳು, ಬಟ್ಟೆ ಮಡಚುತ್ತ. "ದಿನಕ್ಕೆ ಹತ್ತು ಕಳಿಸ್ತೀರಿ, ಓದ್ತಾ ಕೂತ್ರೆ ಮನೆ ಕೆಲಸ ಆಗಬೇಡ್ವಾ? ಟಣ್ ಅಂದ ತಕ್ಷಣ ಒಂದು ನಗು ಒತ್ತಿಬಿಡ್ತೀನಿ, ಅಷ್ಟೆ."

ಗುಮಾಸ್ತ ಹೊಸ್ತಿಲ ಮೇಲೇ ಕೂತುಬಿಟ್ಟ. ಇಡೀ ಜಗತ್ತಿನಲ್ಲಿ ತನಗಿದ್ದ ಒಬ್ಬನೇ ಓದುಗನನ್ನು ಅವನು ಆ ಮಧ್ಯಾಹ್ನ ಗದರಿಸಿ ಓಡಿಸಿ ಬಂದಿದ್ದ.