ಪೈಪಿನ ಹಿಂದಿದ್ದ ಮಾವ

ನಮ್ಮ ಸೋದರಮಾವನಿಗೆ ಮನುಷ್ಯರಿಗಿಂತ ನೀರಿನ ಟಾಕಿಗಳ ಮೇಲೆಯೇ ಹೆಚ್ಚು ಕಾಳಜಿ ಎಂದರೆ ಅದು ಪೂರ್ತಿ ಸುಳ್ಳಲ್ಲ. ನನಗೆ ಹೆಣ್ಣು ನೋಡಲು ಚಿತ್ತಾಪುರಕ್ಕೆ ಹೋದಾಗ ಹಿರಿಯರೆಂದು ಅವರನ್ನು ಕರೆದೊಯ್ದಿದ್ದೆವು. ಕುಡಿಯಲು ಕೊಟ್ಟ ನೀರನ್ನು ಬೆಳಕಿಗೆ ಹಿಡಿದು ನೋಡಿದವರೇ ಎದ್ದು, ಹಿತ್ತಲ ಏಣಿ ಹತ್ತತೊಡಗಿದರು.

“ಸಾಹೇಬ್ರ, ಹುಡುಗಿ ಒಳಗ ಅದಾಳ್ರಿ. ಮ್ಯಾಲ ಯಾಕ ಹೊಂಟ್ರಿ?” ಎಂದರು ಹುಡುಗಿಯ ತಂದೆ.

ಮಾಳಿಗೆಯಿಂದ ಉತ್ತರ ಬಂತು: “ಟಾಕಿಗಿ ಮುಚ್ಚಳಾನೇ ಇಲ್ರಿ. ಮೊದಲ ಅದನ್ನ ನೋಡ್ರಿ, ಲಗ್ನದ ಮಾತು ಆಮ್ಯಾಲ.”

ಸಂಬಂಧವೇನೋ ಕೂಡಿತು. ಆದರೆ ನನ್ನ ಹೆಂಡತಿ ಅಂದು ಮೊದಲು ಕಂಡದ್ದು ನನ್ನ ಮುಖವನ್ನಲ್ಲ, ಅಡುಗೆಮನೆಯ ಕಿಟಕಿಯಾಚೆ ಏಣಿ ಹತ್ತುತ್ತಿದ್ದ ಈ ಮಾವನ ಕಾಲುಗಳನ್ನು.

ಮಾವ ಸಿವಿಲ್ ಎಂಜಿನಿಯರ್. ಇಥಿಯೋಪಿಯಾ, ನೇಪಾಳ, ಲಾವೋಸ್ ಎಂದು ತಿರುಗುತ್ತ ಗುಡ್ಡಗಾಡಿನ ಹಳ್ಳಿಗಳಿಗೆ ಕುಡಿಯುವ ನೀರು ತರುವುದೇ ಅವರ ನೌಕರಿಯಾಗಿತ್ತು. ಸೇಡಂನ ಮನೆಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ನೆಂಟರಂತೆ. ಅತ್ತೆ ಶಾಲೆಯಲ್ಲಿ ಕಲಿಸುತ್ತ, ತಮ್ಮ ಹೆಣ್ಣುಮಕ್ಕಳ ಜ್ವರ, ಪರೀಕ್ಷೆ, ಬಾಣಂತನ ಎಲ್ಲವನ್ನೂ ಒಬ್ಬರೇ ನಿಭಾಯಿಸಿದರು. ಮಾವ ಕಳಿಸುತ್ತಿದ್ದ ಫೋಟೋಗಳಲ್ಲಿ ಬರೀ ಪೈಪುಗಳು.

“ಇದರಾಗ ನೀವೆಲ್ಲಿ ಅದೀರಿ?” ಎಂದು ಅತ್ತೆ ಫೋನಿನಲ್ಲಿ ಕೇಳಿದರೆ, “ಪೈಪಿನ ಹಿಂದ” ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅತ್ತೆ ನಗುತ್ತಿರಲಿಲ್ಲ.

ನಿವೃತ್ತರಾಗಿ ಬಂದ ಮೇಲೆ ಇಬ್ಬರಿಗೂ ಒಂದೇ ಮನೆಯಲ್ಲಿ ಬದುಕುವ ರೂಢಿಯೇ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಪಕ್ಕಪಕ್ಕ ಕುಳಿತ ಅಪರಿಚಿತರಂತೆ ಚಹಾ ಕುಡಿಯುತ್ತಿದ್ದರು. ಆಗಲೇ ಮಾವ ತೆಲುಗು ಗಡಿಯ ಕುಂಚಾವರಂ ಕಡೆಯ ಒಂದು ಹಳ್ಳಿಗೆ ಮದುವೆಗೆಂದು ಹೋದರು. ಅಲ್ಲಿ ಹೆಂಗಸರು ಹಳ್ಳದಿಂದ ಕೊಡ ಹೊತ್ತು ದಿಬ್ಬ ಏರುವುದನ್ನು ಕಂಡರು. ಮರುದಿನವೂ ಹೋದರು. ಕಾಡಿನ ಮೇಲ್ಭಾಗದಲ್ಲಿ ಒಂದು ಒರತೆ ಹುಡುಕಿ, ಊರವರನ್ನು ಕೂಡಿಸಿಕೊಂಡು, ಬೇಸಿಗೆಯುದ್ದಕ್ಕೂ ಪೈಪು ಹಾಕಿಸಿದರು.

ನೀರು ಬಿಡುವ ದಿನ ಪಂಚಾಯತಿಯವರು ಶಾಸಕರನ್ನು ಕರೆಯೋಣ ಎಂದರು. ಮಾವ ಅತ್ತೆಯನ್ನು ಕರೆತಂದರು. ಅವರ ಕೆಲಸವನ್ನು ಅತ್ತೆ ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

“ನಳ ನೀನ ತಿರುವು” ಎಂದರು ಮಾವ.

ನಳ ಮೊದಲು ಬುಸುಗುಟ್ಟಿತು, ಆಮೇಲೆ ಕೆಂಪು ನೀರು, ಕೊನೆಗೆ ತಿಳಿನೀರು. “ನೀಳ್ಳೊಚ್ಚಿನಯ್”, ನೀರು ಬಂತು, ಎಂದು ತೆಲುಗಿನಲ್ಲಿ ಕೂಗುತ್ತ ಮುದುಕಿಯೊಬ್ಬಳು ಬಂದು, ಅತ್ತೆಯ ಒದ್ದೆ ಕೈಗಳನ್ನು ಕಣ್ಣಿಗೊತ್ತಿಕೊಂಡು ಅತ್ತಳು.

ಅತ್ತೆ ಮಾವನನ್ನು ಕೇಳಿದರು: “ನೀವು ಹೋದ ದೇಶದಾಗೆಲ್ಲಾನೂ ಮಂದಿ ಹಿಂಗ ಅಳ್ತಿದ್ರೇನ್ರಿ?”

“ಅಳ್ತಿದ್ರು.”

“ನೀವು?”

ಮಾವ ಗುಡ್ಡದ ಕಡೆ ಮುಖ ತಿರುಗಿಸಿದರು. ಅತ್ತೆ ಹತ್ತಿರ ಹೋಗಿ, ಅಷ್ಟು ಜನರೆದುರಿಗೇ, ಸೆರಗಿನಿಂದ ಅವರ ಕಣ್ಣು ಒರೆಸಿದರು.